ಹಾಡು ನಿಂತ ಮೇಲೆ ಸಿಕ್ಕ ದಾರಿ

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗ ಗ್ರಾಮಫೋನ್ ತಟ್ಟೆಯಲ್ಲಿ ಯಾವ ದೊಡ್ಡ ಗವಾಯಿಯನ್ನು ಕೇಳಿದರೂ ಹಾಗೆಹಾಗೇ ಹಾಡಿ ತೋರಿಸುತ್ತಿದ್ದ. ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಎಂದು ಕರೆದರು. ಮುಂಬಯಿಯ ಸಭೆಗಳು ಬೆರಗಾದವು. ಆದರೆ ಆ ಕೊರಳಲ್ಲಿ ಎಲ್ಲರೂ ಇದ್ದರು, ಅವನೊಬ್ಬನೇ ಇರಲಿಲ್ಲ. ಬಿ.ಆರ್. ದೇವಧರ್ ಅವರ ಸಂಗೀತ ಶಾಲೆಯಲ್ಲಿ ವರ್ಷಗಟ್ಟಲೆ ಕಲಿತದ್ದು ಆ ಒಬ್ಬನನ್ನು ಹುಡುಕುವುದಕ್ಕೇ.

ಸಿಕ್ಕಿತು ಎನ್ನುವಷ್ಟರಲ್ಲಿ ಕ್ಷಯ ಬಂತು. 1947ರಲ್ಲಿ ಭಾನುಮತಿಯವರೊಡನೆ ಮದುವೆ. ಮರುವರ್ಷದ ಜನವರಿಯಲ್ಲಿ ಒಣಹವೆಗೆಂದು ಮಾಳವದ ದೇವಾಸ್‌ಗೆ ಪಯಣ. ಹಾಡಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಭಾನುಮತಿ ಶಾಲೆಯಲ್ಲಿ ದುಡಿದು ಮನೆ ನಡೆಸಿದರು, ಶುಶ್ರೂಷೆಯನ್ನೂ ಮಾಡಿದರು. ಇಪ್ಪತ್ತಮೂರರ ಗಾಯಕ ಮಂಚ ಹಿಡಿದು ಮಲಗಿದರು.

ಹಾಡುವುದು ನಿಂತಿತು, ಕಿವಿ ಮಾತ್ರ ಸುಮ್ಮನಿರಲಿಲ್ಲ. ಹಬ್ಬಕ್ಕೆ, ಮದುವೆಗೆ, ಮಳೆಗೆ ಹೆಂಗಸರು ಹಾಡುತ್ತಿದ್ದರು; ನಾಥಪಂಥದ ಜೋಗಿಗಳು ಕಬೀರನನ್ನು ಹಾಡುತ್ತ ಬೀದಿ ಹಾಯುತ್ತಿದ್ದರು. ನಾಲ್ಕೈದು ಸ್ವರಗಳೊಳಗೇ ಸುತ್ತುವ ಈ ಧಾಟಿಗಳಿಗೆ ಶಾಸ್ತ್ರೀಯದವರು ಗಮನ ಕೊಟ್ಟದ್ದು ಕಡಿಮೆ. ಗುನುಗುವಂತಿರಲಿಲ್ಲ, ಮನಸ್ಸಿನಲ್ಲೇ ಅವುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೆಲವು ಧಾಟಿಗಳು ಗೊತ್ತಿದ್ದ ಯಾವ ರಾಗಕ್ಕೂ ಒಗ್ಗಲಿಲ್ಲ. ಆದರೂ ಅವುಗಳ ನಡೆ ರಾಗದಷ್ಟೇ ಖಚಿತವಾಗಿತ್ತು. ಅವರ ನಿದ್ದೆಗೆಡಿಸಿದ ಒಗಟು ಇದು.

ಅಷ್ಟರಲ್ಲಿ ದೂರದ ಇನ್ನೊಂದು ಶೋಧ ನೆರವಿಗೆ ಬಂತು. 1943ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ, ಮಣ್ಣಿನ ಸೂಕ್ಷ್ಮಜೀವಿಯಿಂದ ಬೇರ್ಪಡಿಸಿದ ಸ್ಟ್ರೆಪ್ಟೋಮೈಸಿನ್ ಎಂಬ ಕ್ಷಯದ ಮದ್ದು 1952ರ ಹೊತ್ತಿಗೆ ದೇವಾಸ್‌ನ ಆ ಮಂಚದವರೆಗೂ ತಲುಪಿತು. ಜೀವ ಉಳಿಯಿತು, ಒಂದು ಶ್ವಾಸಕೋಶ ಮಾತ್ರ ಕೆಲಸಕ್ಕೆ ಬಾರದಂತಾಗಿತ್ತು. ಮರುವರ್ಷ ವೇದಿಕೆ ಏರಿದಾಗ ಹಿಂದಿನ ದೀರ್ಘ ಉಸಿರು ಇರಲಿಲ್ಲ. ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಫಕ್ಕನೆ ಚಿಮ್ಮುವ ತಾನ, ನಡುವೆ ಮೌನ. ಘರಾನೆಯ ಕಟ್ಟಾಳುಗಳು ಇದನ್ನು ಒಪ್ಪಲಿಲ್ಲ. ಕುಮಾರರೂ ಬಗ್ಗಲಿಲ್ಲ. ಕೊರತೆಯನ್ನು ಮುಚ್ಚಿಡುವ ಬದಲು ಅದರ ಮೇಲೇ ಗಾಯನ ಕಟ್ಟಿದ್ದು ಅವರ ಎಲ್ಲ ಸಾಹಸಗಳಲ್ಲಿ ದೊಡ್ಡದು.

ಒಗಟೂ ಬಿಡಿಸಿಕೊಂಡಿತು. ಜನಪದ ಧಾಟಿಯೊಳಗೆ ರಾಗ ಬೀಜವಾಗಿ ಇರುತ್ತದೆ. ಅದರ ಸ್ವರಗಳ ನಡೆಯನ್ನು ಕಂಡುಕೊಂಡು ಬೆಳೆಸಿದರೆ ರಾಗ ತಾನಾಗಿ ಅರಳುತ್ತದೆ. ಹೀಗೆ ಮಾಲವತಿ, ಸಂಜಾರಿ, ಲಗನ ಗಾಂಧಾರ ಮೊದಲಾದವು ಹುಟ್ಟಿದವು. 1965ರಲ್ಲಿ ಈ ರಾಗಗಳನ್ನೂ ಒಳಗೊಂಡ ಅವರ 'ಅನೂಪರಾಗವಿಲಾಸ' ಪುಸ್ತಕವಾಗಿ ಬಂತು.

ಅದೇ ಕಣ್ಣಿನಿಂದ ಅವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಹಾಡುಗಳತ್ತ ತಿರುಗಿದರು. ಎಲ್ಲರ ಬಾಯಲ್ಲಿದ್ದ ಹಾಡುಗಳು ಅವು. ಕುಮಾರರ 'ಮಲಾ ಉಮಜಲೇಲೇ ಬಾಲಗಂಧರ್ವ' ಧ್ವನಿಮುದ್ರಿಕೆಯಾಗಿ ಬಂದಾಗ ಕೇಳುಗರಿಗೆ ಸಿಕ್ಕಿದ್ದು ಬಾಲಗಂಧರ್ವರ ನಕಲಲ್ಲ. ತಟ್ಟೆ ಕೇಳಿ ತದ್ವತ್ ಹಾಡಬಲ್ಲವರಾಗಿದ್ದ ಅವರು ಹಾಡಿನ ಪ್ರತಿ ತಿರುವು ಅಲ್ಲಿ ಯಾಕಿದೆ ಎಂದು ಅರಿತು, ಅಷ್ಟನ್ನು ಉಳಿಸಿಕೊಂಡು, ಮಿಕ್ಕದ್ದನ್ನು ತಮ್ಮ ಉಸಿರಿನ ಅಳತೆಯಲ್ಲಿ ಹೊಸದಾಗಿ ಹಾಡಿದ್ದರು.