ಕಳವಾದ ಕೋವಿಯೂ ಪೌರನ ಹೊಣೆಯೂ

ಮನೆಯ ಬೆಳ್ಳಿಯ ತಂಬಿಗೆಯು ಕಳವಾದರೆ ಯಜಮಾನನಿಗೆ ಆಗುವ ನಷ್ಟವು ಆ ಹೊತ್ತಿಗೇ ಮುಗಿಯುವುದು. ಕೋವಿಯು ಕಳವಾದರೆ ನಷ್ಟವು ಆ ಹೊತ್ತಿಗೆ ಆರಂಭವಾಗುವುದು. ತಂಬಿಗೆಯನ್ನು ಕಳ್ಳನು ಕರಗಿಸಿ ಮಾರುವನು. ಕೋವಿಯನ್ನು ಯಾರೂ ಕರಗಿಸುವುದಿಲ್ಲ. ಅದು ಇನ್ನೊಬ್ಬನ ಹೆಗಲೇರಿ, ಮತ್ತೊಬ್ಬನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು. ಈ ಭೇದವನ್ನು ವಿದ್ಯಾವಂತರೂ ಮನಗಾಣದೆ ಇರುವುದನ್ನು ಕಂಡು ಈ ದಿನ ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ನಮ್ಮ ಸ್ನೇಹಿತರೊಬ್ಬರು ಮಲೆನಾಡಿನಲ್ಲಿ ಕಾಫಿ ತೋಟವುಳ್ಳವರು. ಊರಿನಲ್ಲಿ ನಾಲ್ಕು ಜನರ ಗೌರವಕ್ಕೆ ಪಾತ್ರರಾದವರು. ಮನೆಮಂದಿಯೆಲ್ಲರೂ ನಂಟರ ಮದುವೆಗೆ ಹೋಗಿದ್ದ ಸಮಯದಲ್ಲಿ ಅವರ ತಂದೆಯ ಕಾಲದ ಜೋಡಿ ನಳಿಗೆಯ ಕೋವಿಯೂ ಒಂದು ಪೆಟ್ಟಿಗೆ ತೋಟಾಗಳೂ ಕಾಣೆಯಾದುವು. ಅವರು ಮೊದಲು ಆಳುಗಳನ್ನು ಕರೆದು ಗದರಿಸಿದರು. ಆಮೇಲೆ ಅಂಜನ ಹಾಕುವವನನ್ನು ಕರೆಸಿದರು. ಕೊನೆಗೆ ದೇವರಿಗೆ ಹರಕೆ ಹೊತ್ತರು. ಠಾಣೆಯ ಮೆಟ್ಟಿಲು ಹತ್ತಿದರೆ ಊರಿನಲ್ಲಿ ಮಾತಾಗುವುದೆಂಬ ನಾಚಿಕೆ; ಪರವಾನಗಿಯು ಹೋದೀತೆಂಬ ಅಂಜಿಕೆ. ಹೀಗೆ ಹನ್ನೆರಡು ದಿನಗಳು ಕಳೆದ ಬಳಿಕ ಹೋದಾಗ ಠಾಣಾಧಿಕಾರಿಗಳು ಕೇಳಿದ ಮೊದಲನೆಯ ಪ್ರಶ್ನೆಯೇ, "ಇಷ್ಟು ದಿನ ತಾವು ಎಲ್ಲಿದ್ದಿರಿ?" ಎಂಬುದು. ಎರಡನೆಯದು ಕೋವಿಯ ನಂಬರು. ನಂಬರು ಪರವಾನಗಿ ಪುಸ್ತಕದಲ್ಲಿದ್ದಿತು. ಪುಸ್ತಕವೋ, ಕೋವಿಯ ಚೀಲದಲ್ಲಿಯೇ ಇದ್ದು ಅದರೊಡನೆಯೇ ಹೋಗಿದ್ದಿತು! ಅರ್ಜಿಗೆ ಒಂದು ಹಿಂಬರಹವನ್ನು ಕೊಟ್ಟು ಅವರನ್ನು ಕಳುಹಿಸಿದರು. ಅವರೂ ಅದನ್ನು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾದರು. ಮೊಕದ್ದಮೆಯೇ ದಾಖಲಾಗಿರಲಿಲ್ಲವೆಂದು ತಿಳಿದುಬಂದುದು ಎರಡು ವರ್ಷಗಳ ಮೇಲೆ.

ತಡಮಾಡಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಪ್ರಸಿದ್ಧವಾದ ಒಂದು ನಿದರ್ಶನವಿದೆ. 1914ನೆಯ ಆಗಸ್ಟ್ 26ರಂದು ಕಲ್ಕತ್ತೆಯ ರೋಡಾ ಕಂಪನಿಯ ಗುಮಾಸ್ತನು ಸುಂಕದ ಕಟ್ಟೆಯಿಂದ 202 ಪೆಟ್ಟಿಗೆಗಳನ್ನು ಬಿಡಿಸಿಕೊಂಡು, 192ನ್ನು ಮಾತ್ರ ಉಗ್ರಾಣಕ್ಕೆ ಸೇರಿಸಿ, ಉಳಿದುವನ್ನು ತರುವೆನೆಂದು ಹೋದವನು ಮರಳಲೇ ಇಲ್ಲ. ಆ ಹತ್ತು ಪೆಟ್ಟಿಗೆಗಳಲ್ಲಿ 50 ಮೌಸರ್ ಪಿಸ್ತೂಲುಗಳೂ 46,000 ಗುಂಡುಗಳೂ ಇದ್ದುವು. ಪೋಲೀಸರಿಗೆ ವರದಿಯಾದುದು ಮೂರು ದಿನಗಳ ತರುವಾಯ. ಅವುಗಳಲ್ಲಿ 44 ಪಿಸ್ತೂಲುಗಳು ಕೂಡಲೇ ಒಂಬತ್ತು ಗುಂಪುಗಳಿಗೆ ಹಂಚಿಹೋದುವೆಂದೂ, 54 ಪ್ರಕರಣಗಳಲ್ಲಿ ಬಳಕೆಯಾದುವೆಂದೂ 1918ರ ರೌಲಟ್ ಸಮಿತಿಯ ವರದಿಯು ಹೇಳುವುದು. ಅವನ್ನು ಕೊಂಡೊಯ್ದವರು ದೇಶಕ್ಕಾಗಿ ಪ್ರಾಣವನ್ನು ಪಣವಾಗಿಟ್ಟವರು. ಅವರ ತ್ಯಾಗದ ಮುಂದೆ ನಾವು ತಲೆಬಾಗುವೆವು. ಆದರೆ ಇಲ್ಲಿ ನಾವು ನೋಡಬೇಕಾದುದು ಲೆಕ್ಕವನ್ನು: ಕೈಬಿಟ್ಟ ಆಯುಧವು ಎಷ್ಟು ಬೇಗ ಎಷ್ಟು ಕೈಗಳನ್ನು ಸೇರಬಲ್ಲುದು! ಇಂದು ಕಳವಾಗುವ ಕೋವಿಗಳನ್ನು ಒಯ್ಯುವವರು ದೇಶಭಕ್ತರಲ್ಲ. ಅವು ಕಾಡುಪ್ರಾಣಿಗಳನ್ನು ಕದ್ದು ಕೊಲ್ಲುವವರಿಗೂ ದರೋಡೆಕಾರರಿಗೂ ಬೇಕಾದ ವಸ್ತುಗಳು.

ಠಾಣೆಯೆಂದರೆ ನಮ್ಮ ಜನರಿಗಿರುವ ಅಂಜಿಕೆಗೆ ಹಳೆಯ ಕಾರಣವುಂಟು. 1878ರ ಶಸ್ತ್ರ ಕಾಯಿದೆಯು ಭಾರತೀಯನನ್ನು ನಿರಾಯುಧನನ್ನಾಗಿ ಮಾಡಿ, ಅವನ ಮನೆಯ ಕೋವಿಯನ್ನು ಸಂಶಯದ ಕಣ್ಣಿನಿಂದ ನೋಡಿತು. ಆಗ ಠಾಣೆಯು ಪರರ ಮನೆಯಾಗಿದ್ದಿತು. ಈಗ ನಡೆಯುತ್ತಿರುವುದು ನಮ್ಮ ಪ್ರತಿನಿಧಿಗಳೇ ರಚಿಸಿದ 1959ರ ಕಾಯಿದೆ. ಆಳುವವರು ಬದಲಾದರೂ ಅಂಜಿಕೆಯು ಬದಲಾಗದಿದ್ದರೆ ಸ್ವರಾಜ್ಯದ ಅರ್ಥವೇನು?

ಈ ಕಾಯಿದೆಯ 36ನೆಯ ಪ್ರಕರಣದ ಮೇರೆಗೆ, ಶಸ್ತ್ರಾಪರಾಧವನ್ನು ತಿಳಿದವನು ಸಕಾರಣವಿಲ್ಲದೆ ಸುಮ್ಮನಿರಕೂಡದು. ಸಮೀಪದ ಠಾಣೆಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸಬೇಕು. ಕೋವಿಯ ಕಳವನ್ನು ಒಡನೆಯೇ ವರದಿ ಮಾಡಬೇಕೆಂಬುದು ಪರವಾನಗಿಯ ಷರತ್ತುಗಳಲ್ಲಿಯೂ ಒಂದು. ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ನಡೆದುಬಂದ ಪರವಾನಗಿಯ ವಿನಾಯಿತಿಯು 2029ನೆಯ ಅಕ್ಟೋಬರ್ 31ರವರೆಗೆ ಮುಂದುವರಿದಿದೆ. ರಾಜ್ಯದ ಉಚ್ಚ ನ್ಯಾಯಾಲಯವೂ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಕೈಲ್ ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಆ ವೀರಜನರಿಗೆ ನಾವು ಹೇಳಬೇಕಾದುದು ಹೆಚ್ಚಿಲ್ಲ. ವಿನಾಯಿತಿಯು ಪರವಾನಗಿಗೇ ಹೊರತು ಜಾಗರೂಕತೆಗಲ್ಲ. ಪೂಜಿಸಿದ ಆಯುಧವು ಪಾತಕಿಯ ಕೈಯಲ್ಲಿರುವಾಗ ಮೌನವಾಗಿರುವುದು ಆ ಪೂಜೆಗೇ ಕುಂದು.

ಹಾಗಾದರೆ ಮಾಡತಕ್ಕದ್ದೇನು? ಕೋವಿಯ ತಯಾರಕರ ಹೆಸರು, ನಂಬರು, ನಳಿಗೆಯ ಅಳತೆ, ಪರವಾನಗಿಯ ಸಂಖ್ಯೆ, ತೋಟಾಗಳ ಲೆಕ್ಕ ಇವನ್ನು ಒಂದು ಕಾಗದದಲ್ಲಿ ಬರೆದು ಕೋವಿಯಿಂದ ದೂರದಲ್ಲಿಡಬೇಕು. ರೋಡಾ ಕಂಪನಿಯವರ ಪಿಸ್ತೂಲುಗಳಲ್ಲಿ 31 ಮರಳಿ ಸಿಕ್ಕಿದಾಗ ಅವು ಕಳವಿನ ಮಾಲೆಂದು ಗುರುತಿಸಲು ಸಾಧ್ಯವಾದುದು ನಂಬರುಗಳು ಲೆಕ್ಕದಲ್ಲಿದ್ದುದರಿಂದಲೇ. ಕಳವು ತಿಳಿದ ದಿನವೇ ಠಾಣೆಗೆ ಹೋಗಬೇಕು. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಂತೆ, ಕಳವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿಯೂ ವರ್ತಮಾನ ಕೊಡಬಹುದು. ವಿದ್ಯುನ್ಮಾನದ ಮೂಲಕ ಕೊಟ್ಟರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಫಿರ್ಯಾದುದಾರನಿಗೆ ಉಚಿತವಾಗಿ ಕೊಡತಕ್ಕದ್ದು. ಹಿಂಬರಹವು ಈ ವರದಿಯಲ್ಲವೆಂಬುದನ್ನು ವಾಚಕರು ಮರೆಯದಿರಲಿ. ದಾಖಲು ಮಾಡಲು ಒಪ್ಪದಿದ್ದರೆ ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಬರೆಯಬೇಕು. ಅಲ್ಲಿಯೂ ಫಲವಾಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬೇಕು. ವರದಿಯ ಪ್ರತಿಯೊಂದನ್ನು ಪರವಾನಗಿ ಕೊಟ್ಟ ಅಧಿಕಾರಿಗಳಿಗೂ ಕಳುಹಿಸಿ ಸ್ವೀಕೃತಿಯನ್ನು ಪಡೆಯಬೇಕು.

ಇಷ್ಟು ಮಾಡಿದವರೂ ಸೋಲುವುದು ಇದರ ಮುಂದಿನ ಹಂತದಲ್ಲಿ. ಫಿರ್ಯಾದು ಕೊಟ್ಟು ಮಲಗುವುದು ಬಿತ್ತಿ ಕಳೆ ಕೀಳದೆ ಬಿಟ್ಟಂತೆಯೇ ಸರಿ. ತನಿಖೆಯು ಎಲ್ಲಿಗೆ ಬಂದಿತೆಂಬುದನ್ನು 90 ದಿನಗಳೊಳಗೆ ತಿಳಿಸುವುದು ಅದೇ ಸಂಹಿತೆಯ 193ನೆಯ ಪ್ರಕರಣದಂತೆ ಪೋಲೀಸರ ಕರ್ತವ್ಯ. ಅವರು ತಿಳಿಸದಿದ್ದರೆ ವರದಿಯ ಸಂಖ್ಯೆಯನ್ನು ಕಾಣಿಸಿ ವಿನಯದಿಂದ, ಆದರೆ ಬಿಡದೆ, ಬರೆದು ಕೇಳುವುದು ಪೌರನ ಕರ್ತವ್ಯ. ಕಳ್ಳನು ಪತ್ತೆಯಿಲ್ಲವೆಂದು ಮೊಕದ್ದಮೆಯನ್ನು ಮುಗಿಸುವ ಮುನ್ನ ಫಿರ್ಯಾದುದಾರನಿಗೆ ನೋಟೀಸು ಕೊಟ್ಟು ಅವನ ಮಾತನ್ನು ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಹೇಳಿದೆ. ಆ ನೋಟೀಸು ಬಂದ ದಿನ ನ್ಯಾಯಾಲಯಕ್ಕೆ ಹೋಗದೆ ಮನೆಯಲ್ಲಿ ಕುಳಿತರೆ ತಪ್ಪು ಯಾರದು?

ಅಧಿಕಾರಿ ಮಹಾಶಯರಿಗೂ ಒಂದು ಬಿನ್ನಹ. ಶಿಕ್ಷಾರ್ಹವಾದ ಅಪರಾಧದ ವರ್ತಮಾನ ಬಂದಲ್ಲಿ, ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧವಾದರೆ, ವರದಿಯನ್ನು ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 2013ರಲ್ಲಿ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಠಾಣೆಯ ಅಪರಾಧಗಳ ಪಟ್ಟಿಯು ಚಿಕ್ಕದಾಗಿ ಕಾಣಲೆಂದು ಹಿಂಬರಹ ಕೊಟ್ಟು ಕಳುಹಿಸಿದರೆ ಕೋವಿಯ ಕಳವು ಇಲ್ಲದಂತಾಗುವುದಿಲ್ಲ. ಹುಡುಕುವವರು ಮಾತ್ರ ಇಲ್ಲದಂತಾಗುವರು. ಯಜಮಾನನು ಅಜಾಗರೂಕನಾಗಿದ್ದರೆ ಅವಶ್ಯವಾಗಿ ವಿಚಾರಿಸಲಿ. ಆದರೆ ತಾನಾಗಿ ಬಂದು ಹೇಳಿದವನನ್ನೇ ಮೊದಲನೆಯ ಕಳ್ಳನೆಂಬಂತೆ ನಡೆಸಿಕೊಂಡರೆ ಎರಡನೆಯವನು ಬರುವನೆ?

ನಮ್ಮ ಸ್ನೇಹಿತರ ಕೋವಿಯು ಇಂದಿಗೂ ಸಿಕ್ಕಿಲ್ಲ. ಈಚೆಗೆ ನಮ್ಮ ಕಚೇರಿಗೆ ಬಂದಿದ್ದಾಗ ಅವರು ಹೇಳಿದರು: "ರಾತ್ರಿಯಲ್ಲಿ ಕಾಡಿನ ಕಡೆಯಿಂದ ಈಡಿನ ಶಬ್ದ ಕೇಳಿದರೆ ಎದ್ದು ಕೂರುತ್ತೇನೆ, ಅದು ನನ್ನದೇ ಇರಬಹುದೆ ಎಂದು." ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ಅವರ ಪಾಡು. ನಮ್ಮ ವಾಚಕರಲ್ಲಿ ಕೋವಿಯುಳ್ಳವರು ಈ ದಿನವೇ ಅದನ್ನು ಇಟ್ಟ ಜಾಗಕ್ಕೆ ಹೋಗಿ ನೋಡಲಿ. ಅದರ ನಂಬರನ್ನು ಬರೆದಿಟ್ಟುಕೊಳ್ಳಲಿ. ಅದು ಅಲ್ಲಿಲ್ಲದಿದ್ದರೆ ನಾಳೆಯವರೆಗೆ ಕಾಯದೆ ಠಾಣೆಗೆ ಹೋಗಲಿ.