ಮಧುರೆಯಲ್ಲಿ ಸಿಕ್ಕ ಸ್ಕಾಟಿಷ್ ಸೇನಾನಿಯ ಹೃದಯ

ಸಿಲೋನಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್ 1836ರಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ಒಂದು ದೀರ್ಘ ಪತ್ರ ಬರೆದರು. ಸ್ಕಾಟಿಷ್ ಸೇನಾನಿ ಮಾಂಟ್ರೋಸ್‌ನ ಹೃದಯ ಎಲ್ಲೆಲ್ಲಿ ಕಳೆದು, ಎಲ್ಲೆಲ್ಲಿ ಸಿಕ್ಕಿತು ಎಂಬುದೇ ಅದರ ವಿಷಯ. ತಾಯಿ ಹೆಸ್ಟರ್ ಹೇಳಿದ್ದರ ಜೊತೆಗೆ, ಹುಡುಗನಾಗಿದ್ದಾಗ ತಾವೇ ಕಂಡದ್ದೂ ಅದರಲ್ಲಿತ್ತು.

1612ರಲ್ಲಿ ಹುಟ್ಟಿದ ಜೇಮ್ಸ್ ಗ್ರಹಾಂ ಮಾಂಟ್ರೋಸ್‌ನ ಮೊದಲ ಮಾರ್ಕ್ವೆಸ್. 1644–45ರಲ್ಲಿ, ಒಂದೇ ವರ್ಷದ ಆಸುಪಾಸಿನಲ್ಲಿ, ಮೊದಲನೆಯ ಚಾರ್ಲ್ಸ್ ದೊರೆಗಾಗಿ ಆರು ಕಾಳಗ ಗೆದ್ದ. ಫಿಲಿಪ್‌ಹಾಫ್‌ನಲ್ಲಿ ಸೋತ. 1650ರ ಮೇ 21ರಂದು ಎಡಿನ್‌ಬರೋದಲ್ಲಿ ಅವನನ್ನು ಗಲ್ಲಿಗೇರಿಸಿ, ತಲೆಯನ್ನು ಸೆರೆಮನೆಯ ಮೇಲೆ ಸಿಕ್ಕಿಸಿದರು. ಕೈಕಾಲುಗಳನ್ನು ನಾಲ್ಕು ಊರುಗಳಿಗೆ ಹಂಚಿ, ಮುಂಡವನ್ನು ಊರಾಚೆ ಹೂತರು.

ಅವನ ಅಕ್ಕ ಮಾರ್ಗರೆಟ್, ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್‌ನ ಸೊಸೆ. ಆಕೆಯ ಮಗನ ಹೆಂಡತಿ ಲೇಡಿ ನೇಪಿಯರ್ ಗುಟ್ಟಾಗಿ ಆ ಗುಂಡಿ ಅಗೆಸಿ ಹೃದಯ ತೆಗೆಸಿದಳು. ಮಾಂಟ್ರೋಸ್‌ನ ಕತ್ತಿಯ ಉಕ್ಕಿನಿಂದಲೇ ಮಾಡಿಸಿದ ಪುಟ್ಟ ಡಬ್ಬಿಯಲ್ಲಿ ಅದನ್ನಿಟ್ಟು, ಡಬ್ಬಿಯನ್ನು ಚಿನ್ನದ ತಂತಿ ಕುಸುರಿಯ ಪೆಟ್ಟಿಗೆಯೊಳಗೆ ಇರಿಸಿದಳು. ಆ ಪೆಟ್ಟಿಗೆ ವೆನಿಸ್‌ನ ಅಧಿಪತಿಯೊಬ್ಬ ಜಾನ್ ನೇಪಿಯರ್‌ಗೆ ಕೊಟ್ಟದ್ದೆಂದು ಮನೆಯವರ ಮಾತು.

ಆಮೇಲೆ ಅದು ಕಳೆದುಹೋಯಿತು. ಎಷ್ಟೋ ಕಾಲದ ನಂತರ ಹಾಲೆಂಡಿನಲ್ಲಿ ಒಬ್ಬರ ಸಂಗ್ರಹದಲ್ಲಿ ಆ ಕುಸುರಿ ಕೆಲಸದ ಗುರುತು ಹಿಡಿದವನು ನೇಪಿಯರ್ ಮನೆತನದ ಸ್ನೇಹಿತ. ಹೀಗೆ ಅದು ಮರಳಿ ಮನೆ ಸೇರಿ, ಆ ಮನೆತನದ ಮಗಳೂ ಅಲೆಕ್ಸಾಂಡರ್‌ನ ತಾಯಿಯೂ ಆದ ಹೆಸ್ಟರ್‌ಗೆ ಬಂತು. ಆಕೆ ಗಂಡನೊಡನೆ ಭಾರತಕ್ಕೆ ಬರುವಾಗ ಕೇಪ್ ವರ್ಡ್ ದ್ವೀಪಗಳ ಬಳಿ ಫ್ರೆಂಚರ ಗುಂಡು ತಾಗಿ ಚಿನ್ನದ ಪೆಟ್ಟಿಗೆ ಚೂರಾಯಿತು. ಉಕ್ಕಿನ ಡಬ್ಬಿಗೆ ಏನೂ ಆಗಲಿಲ್ಲ.

ಪತ್ರದ ಜೀವಾಳ ಇರುವುದು ಮಧುರೆಯಲ್ಲಿ. ಅಲ್ಲಿಯ ಅಕ್ಕಸಾಲಿಗನೊಬ್ಬ ಚೂರುಗಳನ್ನು ನೋಡಿ ಅಂಥದೇ ಪೆಟ್ಟಿಗೆ ಮಾಡಿಕೊಟ್ಟ. ಅದನ್ನಿಡಲು ಬೆಳ್ಳಿಯ ಕಲಶವನ್ನೂ ಮಾಡಿ, ಮೇಲೆ ಮಾಂಟ್ರೋಸ್‌ನ ಕತೆಯನ್ನು ತಮಿಳಿನಲ್ಲೂ ತೆಲುಗಿನಲ್ಲೂ ಕೆತ್ತಿದ. ಇದು ಬಳಿಯಿದ್ದರೆ ಯುದ್ಧದಲ್ಲಿ ಗಾಯವಾಗದು ಎಂಬ ಮಾತು ಹಬ್ಬಿ, ಕಲಶ ಕಳುವಾಯಿತು. ಪಾಳೇಗಾರನೊಬ್ಬ ದುಡ್ಡು ಸುರಿದು ಕೊಂಡಿದ್ದ. ಮುಂದೆ ಹದಿಹರೆಯದ ಅಲೆಕ್ಸಾಂಡರ್ ಅವನೊಡನೆ ಬೇಟೆಗೆ ಹೋದಾಗ ವಿಷಯ ತೆಗೆದ. ಕದ್ದ ಮಾಲೆಂದು ತನಗೆ ತಿಳಿದಿರಲಿಲ್ಲವೆಂದ ಪಾಳೇಗಾರ ಅದನ್ನು ಗೌರವದಿಂದ ಹಿಂದಿರುಗಿಸಿದ. ಬಂಡೆದ್ದು ಸೆರೆಸಿಕ್ಕು ಮರಣದಂಡನೆಗೆ ಗುರಿಯಾದಾಗ, ತನ್ನ ಹೃದಯವನ್ನೂ ತನ್ನವರು ಹಾಗೆಯೇ ಕಾಪಾಡಲಿ ಎಂದು ಅವನು ಬಯಸಿದನಂತೆ. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಸಾಲು. ಸಾವಿರಾರು ಮೈಲಿ ದೂರದ ಸೇನಾನಿಯನ್ನು ಅವನು ತನ್ನವನೆಂದೇ ಬಗೆದಿದ್ದ.

1792ರಲ್ಲಿ ಯುರೋಪಿಗೆ ಮರಳಿದ ಜಾನ್‌ಸ್ಟನ್ ದಂಪತಿ ಕ್ರಾಂತಿಯ ಫ್ರಾನ್ಸ್‌ನಲ್ಲಿ ಸಿಕ್ಕಿಕೊಂಡರು. ಚಿನ್ನ ಬೆಳ್ಳಿಯನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಹೆಸ್ಟರ್ ಕಲಶವನ್ನು ಬೂಲೋನ್‌ನ ಒಬ್ಬ ಇಂಗ್ಲಿಷ್ ಹೆಂಗಸಿನ ಕೈಗಿತ್ತಳು. ಆಕೆ ತೀರಿಕೊಂಡಳು, ಎಲ್ಲಿ ಬಚ್ಚಿಟ್ಟಳೋ ಪತ್ತೆಯಾಗಲಿಲ್ಲ.

ಇಷ್ಟಕ್ಕೂ ಮುಖ್ಯ ಸಾಕ್ಷಿ ಆ ಪತ್ರವೇ. ಆದರೆ ನಮ್ಮ ಊರೂರುಗಳ ಕೈಫಿಯತ್ತು ಸಂಗ್ರಹಿಸಿ, ಮೈಸೂರು ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ಇದೇ ನೇಪಿಯರ್ ಮನೆತನದ ಪರಿಚಯವಿದ್ದವನು, ಮಧುರೆಯಲ್ಲಿ ಹೆಸ್ಟರ್‌ಳ ಮನೆಗೆ ಹೋಗಿದ್ದವನು. ಅವನ ತಮಿಳು, ತೆಲುಗು ಹಸ್ತಪ್ರತಿಗಳು ಚೆನ್ನೈನಲ್ಲಿವೆ. ಅವುಗಳಲ್ಲಿ ಪಾಳೇಗಾರರ ಕಾಗದಗಳನ್ನು ಓದುವವರು ಈ ಬೆಳ್ಳಿಯ ಕಲಶದ ಮೇಲೂ ಒಂದು ಕಣ್ಣಿಟ್ಟಿರಿ.