ಈಶ್ವರಿ ಬೇರಿನಿಂದ ಹಬ್ಬಿದ ವಿಷವಿದ್ಯೆ

ಹಾವು ಕಚ್ಚಿದವರಿಗೆ ಈಶ್ವರಿ ಬಳ್ಳಿಯ ಬೇರು ಅರೆದು ಕುಡಿಸುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಆ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಹಾವಿನ ವಿಷದೆದುರು ಇಟ್ಟು ಪರೀಕ್ಷಿಸಿದವರು ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರಜ್ಞ ಟಿ. ವೀರಬಸಪ್ಪ ಗೌಡ ಮತ್ತು ಅವರ ಶಿಷ್ಯ ಬಿ.ಎಸ್. ವಿಶ್ವನಾಥ್. 1987ರಲ್ಲಿ ‘ಟಾಕ್ಸಿಕಾನ್’ ಪತ್ರಿಕೆ ಅವರ ಪ್ರಬಂಧವನ್ನು ಪ್ರಕಟಿಸಿತು. ಕೊಳಕು ಮಂಡಲದ ವಿಷದಲ್ಲಿ ಊತ ತರಿಸುವ ಫಾಸ್ಫೋಲೈಪೇಸ್ ಎಂಬ ಕಿಣ್ವವನ್ನು ಆ ಆಮ್ಲ ತಡೆಯುತ್ತಿತ್ತು.

ಅಜ್ಜಿಯರು ಹೇಳಿದ್ದು ನಿಜವಾಯಿತು ಎಂದು ಬೀಗುವ ಹಾಗಿರಲಿಲ್ಲ. ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಇದೇ ಕುಲದ ಗಿಡ ಬೆರೆತ ಮಾತ್ರೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟವೆಂಬ ವರದಿ 1993ರಲ್ಲಿ ಬಂತು. ಮುಂದೆ ಅದೇ ಆಮ್ಲ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೂ ಸೇರಿತು. ಹಾವಿನ ವಿಷದ ಒಂದು ಕಿಣ್ವವನ್ನು ತಡೆಯುವ ಗಿಡವೇ ಮೂತ್ರಪಿಂಡಕ್ಕೆ ವಿಷ. ವಿಷವಿಜ್ಞಾನ ಕಲಿಯುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತಿಳಿದಿಲ್ಲ.

ಗೌಡರ ಬಳಿ ಇಂಥ ಪಾಠ ಮೊದಲೇ ನಡೆದಿತ್ತು. 1982ರಲ್ಲಿ ಆರ್. ಮಂಜುನಾಥ ಕಿಣಿ ಅವರೊಂದಿಗೆ ಸೇರಿ, ನಾಗರಹಾವಿನ ವಿಷದ ಒಂದು ಕಿಣ್ವವನ್ನು ಮಧುನಾಶಿನಿಯ ಸಾರದಿಂದ ತಡೆಯಬಹುದೆಂದು ಬರೆದಿದ್ದರು. ಎಲೆ ಅಗಿದರೆ ನಾಲಗೆಗೆ ಸಿಹಿ ಗೊತ್ತಾಗದಂತೆ ಮಾಡುವ ಬಳ್ಳಿ ಅದು. ಕಿಣಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಿ ಜಗತ್ತಿನ ಹೆಸರಾಂತ ವಿಷತಜ್ಞರಲ್ಲಿ ಒಬ್ಬರಾದರು. ವಿಶ್ವನಾಥ್ ಮೈಸೂರಿನಲ್ಲೇ ಪ್ರಾಧ್ಯಾಪಕರಾದರು. ಅದೇ ವಿಭಾಗದ ಕೆ. ಕೆಂಪರಾಜು ಅವರ ಬಳಿ ಕಲಿತ ಕೆ.ಎಸ್. ಗಿರೀಶ್ 2004ರಲ್ಲಿ ಮುಟ್ಟಿದರೆ ಮುನಿ ಬೇರಿನ ಮೇಲಿನ ಪ್ರಬಂಧ ಪ್ರಕಟಿಸಿದರು, ಮುಂದೆ ತುಮಕೂರು ವಿಶ್ವವಿದ್ಯಾಲಯ ಸೇರಿದರು. ಗುರುವಿನಿಂದ ಶಿಷ್ಯನಿಗೆ ದಾಟುತ್ತಲೇ ಈ ಜಾಲ ಬೆಳೆಯಿತು.

ನಮ್ಮ ಚಿತ್ರದುರ್ಗ ಜಿಲ್ಲೆ ಮಾತ್ರ ಈ ಜಾಲದ ಅಂಚಿನಲ್ಲೇ ಉಳಿಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟುವವರೆಗೆ ಇಲ್ಲಿನ ಕಾಲೇಜುಗಳು ಮೈಸೂರಿಗೇ ಸೇರಿದ್ದವು, 2009ರ ನಂತರ ದಾವಣಗೆರೆಗೆ. ವಿಶ್ವವಿದ್ಯಾಲಯ ಬದಲಾದರೂ ಹಾವು ಬದಲಾಗಲಿಲ್ಲ. ಹಿರಿಯೂರು, ಹೊಸದುರ್ಗದ ಕಡೆಯಂಥ ಕಲ್ಲುಭೂಮಿ, ಕುರುಚಲು ಗರಗಸ ಮಂಡಲಕ್ಕೆ ಹೇಳಿ ಮಾಡಿಸಿದ ಜಾಗ. ಹುರುಪೆಗಳನ್ನು ಉಜ್ಜಿ ಗರಗಸದಂತೆ ಸದ್ದು ಮಾಡುವ ಈ ಪುಟ್ಟ ಹಾವಿನ ವಿಷ ಹೊಕ್ಕರೆ ರಕ್ತ ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ. ಅದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ಒಣಗಿದ, ಶುದ್ಧವಾದ ಗಾಜಿನ ನಳಿಕೆಗೆ ರೋಗಿಯ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಬಿಟ್ಟು, ಆಮೇಲೆ ವಾಲಿಸಿ ನೋಡಬೇಕು. ರಕ್ತ ಇನ್ನೂ ನೀರಾಗಿಯೇ ಹರಿದರೆ ಪ್ರತಿವಿಷ ಕೊಡಬೇಕು. ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಯ ನರ್ಸ್ ಕೂಡ ಮಾಡಬಹುದಾದ ಪರೀಕ್ಷೆ ಇದು.

ಪರೀಕ್ಷೆ ಸುಲಭ, ನನಗೆ ಸಿಟ್ಟು ಬರುವುದು ಪ್ರತಿವಿಷದ ವಿಷಯಕ್ಕೆ. ಕೊಳಕು ಮಂಡಲದ ವಿಷದ ಅಂಶಗಳೂ ಕೊಲ್ಲುವ ಶಕ್ತಿಯೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಎಂದು ಜಿ.ಪಿ. ಜಯಂತಿ ಮತ್ತು ಗೌಡರು 1988ರಲ್ಲೇ ತೋರಿಸಿದ್ದರು. ಆದರೂ ದೇಶದ ಪ್ರತಿವಿಷಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದಲೇ ಬರುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ 2021ರಲ್ಲಿ ಮತ್ತೆ ಅದೇ ಮಾತನ್ನು ಹೇಳಬೇಕಾಯಿತು: ಕೊಳಕು ಮಂಡಲದ ವಿಷ ಊರೂರಿಗೆ ಬೇರೆ, ಮಾರುಕಟ್ಟೆಯ ಪ್ರತಿವಿಷ ಎಲ್ಲ ಕಡೆ ಒಂದೇ ಸಮ ಕೆಲಸ ಮಾಡದು. ನಡುವೆ 33 ವರ್ಷ ಕಳೆದವು.

2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಅದರ ಜೊತೆಗೆ ಸಿಬ್ಬಂದಿಗೆ ತರಬೇತಿಯೂ ಬೇಕು. ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ, ಅಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ತಾಲ್ಲೂಕು ಆಸ್ಪತ್ರೆಗಳ ಸಿಬ್ಬಂದಿಗೂ ಅಲ್ಲೇ ಆ ನಳಿಕೆಯ ಪರೀಕ್ಷೆ ಕಲಿಸಲಿ, ಈ ಬಯಲುಸೀಮೆಯ ಗರಗಸ ಮಂಡಲದ ವಿಷವನ್ನೂ ಅಲ್ಲೇ ಪರೀಕ್ಷಿಸಲಿ.